ಹರಿಗೋಲೂ ಕಯಾಕೂ: ನಡುವಯಸ್ಸಿನ ಕಲಿಕೆ

ಉಗರಗೋಳದ ನೆರೆಯಲ್ಲಿ, ನವಿಲುತೀರ್ಥದ ಅಣೆಕಟ್ಟಿನ ಹಿಂದೆ, ಮಲಪ್ರಭೆಯು ರೇಣುಕಾಸಾಗರವಾಗಿ ಹರಡಿದೆ. ನಡುವಯಸ್ಸಿನಲ್ಲಿ ಮೊದಲ ಟ್ರಯಥ್ಲಾನಿಗೆ, ಎಂದರೆ ಈಜು, ಸೈಕಲ್, ಓಟಗಳು ಕೂಡಿದ ಸ್ಪರ್ಧೆಗೆ, ಸಿದ್ಧನಾಗುವವನಿಗೆ ಇಂತಹ ತೆರೆದ ನೀರಿನಲ್ಲಿ ಕಯಾಕ್ ನಡೆಸುವುದರಿಂದ ಪ್ರಯೋಜನವೇನು?

ಕನ್ನಡನಾಡಿಗೆ ಪರಿಚಿತವಾದುದು ಹರಿಗೋಲು. 16ನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದ ದುಂಡು ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ದುಂಡಾದುದರಿಂದ ಹರಿಗೋಲು ಹುಟ್ಟು ಹಾಕಿದತ್ತ ತಿರುಗುತ್ತದೆ. ತಳ ಅಗಲವಾದುದರಿಂದ ಭಾರವನ್ನು ತಾಳುತ್ತದೆ. ಉತ್ತರಧ್ರುವ ಪ್ರದೇಶದ ಇನ್ಯೂಟ್ ಜನರ ಕಯಾಕೂ ಮೂಲದಲ್ಲಿ ಚೌಕಟ್ಟಿಗೆ ತೊಗಲು ಹೊದಿಸಿದುದೇ. ಆದರೆ ನೀಳವೂ ಕಿರಿದೂ ಆದ ಅದು ನೇರವಾಗಿ ಸಾಗುತ್ತದೆ, ಬೇಗನೆ ವಾಲುತ್ತದೆ.

ಆದಕಾರಣ ಮೊದಲು ಕಲಿಯಬೇಕಾದುದು ವೇಗವಲ್ಲ. ಮಗುಚಿದಾಗ ಹೊರಬರುವ ಬಗೆ. ತೇಲುವ ಕವಚವಿಲ್ಲದೆ, ಜೊತೆಗಾರನಿಲ್ಲದೆ ನೀರಿಗಿಳಿಯಬಾರದು. ಎರಡು ಅಲಗಿನ ಹುಟ್ಟನ್ನು ತೋಳಿನಿಂದಲೇ ಎಳೆದರೆ ಹೆಗಲು ದಣಿಯುವುದು. ಪಾದವನ್ನೂರಿ ಮುಂಡವನ್ನು ತಿರುಗಿಸಿದರೆ ಬೆನ್ನಿನ ಬಲ ಒದಗುವುದು. ವಯಸ್ಸಾದಂತೆ ದಣಿವಾರಲು ಹೆಚ್ಚು ಕಾಲ ಬೇಕು. ಈಜೂ ಹೆಗಲನ್ನೇ ದುಡಿಸುವುದರಿಂದ ಇವೆರಡನ್ನೂ ಒಂದೇ ದಿನ ಕಠಿನವಾಗಿ ಅಭ್ಯಸಿಸುವುದು ಸಲ್ಲದು.

2000ದಲ್ಲಿ ಒಲಿಂಪಿಕ್ಸ್ ಸೇರಿದ ಟ್ರಯಥ್ಲಾನಿನಲ್ಲಿ ಈಜಿನ ದೂರ 1.5 ಕಿ.ಮೀ. ಕಯಾಕ್ ಆ ಈಜಿಗೆ ಬದಲಾಗದು. ದಡ ದೂರವಾದಾಗ ಹುಟ್ಟುವ ಅಂಜಿಕೆಯನ್ನು ಮಾತ್ರ ತಗ್ಗಿಸಬಲ್ಲದು. ತಡವಾಗಿ ಕಲಿಯುವವನಿಗೆ ಅದೇನು ಅಲ್ಪ ಲಾಭವಲ್ಲ.