ವಠಾರದ ಯಜಮಾನ ನಿದ್ದೆ ಹೋದಾಗ

ಡಾಂಗಲ್ ಚುಚ್ಚಿರುವುದು ಅಣ್ಣನ ಲ್ಯಾಪ್‌ಟಾಪಿಗೆ. ಅದರ ಹಾಟ್‌ಸ್ಪಾಟ್ ಹಿಡಿದು ತಂಗಿ ಒಳಕೋಣೆಯಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಮ್ಮ ಮೊಬೈಲಿನಲ್ಲಿ ನಿನ್ನೆ ತಪ್ಪಿಹೋದ ಧಾರಾವಾಹಿ ನೋಡುತ್ತಿದ್ದಾರೆ. ಅಣ್ಣ ಊಟಕ್ಕೆ ಏಳುವಾಗ ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಎರಡೂ ಕಡೆಯಿಂದ ಒಂದೇ ಕೂಗು: "ನೆಟ್ ಹೋಯ್ತು!"

ಅವನ ಮಟ್ಟಿಗೆ ಅದು ಬರೀ ಲ್ಯಾಪ್‌ಟಾಪ್. ಉಳಿದವರ ಮಟ್ಟಿಗೆ ಅದೇ ಅಂಚೆ ಕಚೇರಿ.

ಮನೆಯ ಕಂಪ್ಯೂಟರಿಗೆ ಈ ಎರಡನೇ ಉದ್ಯೋಗ ಅಂಟಿಕೊಂಡು ಕಾಲು ಶತಮಾನವೇ ಆಯಿತು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲಿ, ಒಂದು ಕಂಪ್ಯೂಟರಿನ ಇಂಟರ್‌ನೆಟ್ ಸಂಪರ್ಕವನ್ನು ಮನೆಯ ಉಳಿದ ಕಂಪ್ಯೂಟರುಗಳಿಗೂ ಹಂಚುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಸೇರಿಸಿತು. ಆಗ ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸಲು ಒಳಗಿನ ತಂತಿಗಳನ್ನು ಅದಲುಬದಲು ಮಾಡಿದ ‘ಕ್ರಾಸ್ ಕೇಬಲ್’ ಬೇಕಿತ್ತು. ಸಾದಾ ಕೇಬಲ್ ಸಿಕ್ಕಿಸಿ ದಿನವಿಡೀ ತಲೆ ಕೆರೆದುಕೊಂಡವರು ಎಷ್ಟೋ ಮಂದಿ.

ಈ ಹಂಚಿಕೆಯ ಗುಟ್ಟು ಅರ್ಥವಾಗಬೇಕಾದರೆ ಹಳೆಯ ಮೈಸೂರು, ಬೆಂಗಳೂರುಗಳ ವಠಾರವನ್ನು ನೆನಪಿಸಿಕೊಳ್ಳಬೇಕು. ಒಳಗೆ ಎಂಟು ಸಂಸಾರ, ಹೊರಗೆ ಒಂದೇ ಗೇಟು, ಒಂದೇ ಡೋರ್ ನಂಬರು. ಅಂಚೆಯವನಿಗೆ ಒಳಗಿನ ಮನೆಗಳ ಲೆಕ್ಕ ಬೇಕಿಲ್ಲ. ಕಾಗದವನ್ನು ಯಜಮಾನರ ಕೈಗಿತ್ತು ಹೋಗುತ್ತಾನೆ. ಯಾರದು ಯಾವ ಮನೆಗೆ ಎಂಬ ನೆನಪು ಯಜಮಾನರದು.

ಇಂಟರ್‌ನೆಟ್ಟಿನಲ್ಲಿ ಈ ಯಜಮಾನಿಕೆಯ ಹೆಸರು ‘ನ್ಯಾಟ್’, ಅಂದರೆ ವಿಳಾಸ ಬದಲಾವಣೆ. ತಂಗಿಯ ಮೊಬೈಲಿನಿಂದ ಹೊರಟ ಪ್ಯಾಕೆಟ್, ಅಂದರೆ ಮಾಹಿತಿಯ ತುಂಡು, ಲ್ಯಾಪ್‌ಟಾಪಿಗೆ ಬಂದಾಗ, ಅದು ‘ಇಂದ’ ಎಂಬಲ್ಲಿ ಅವಳ ಒಳವಿಳಾಸವನ್ನು ಅಳಿಸಿ ತನ್ನ ವಿಳಾಸ ಬರೆಯುತ್ತದೆ. ಜೊತೆಗೊಂದು ಪೋರ್ಟ್ ಸಂಖ್ಯೆ ಹಾಕಿ, ಅದು ಯಾರದೆಂದು ತನ್ನ ಪಟ್ಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಆ ಸಂಖ್ಯೆ ನೋಡಿ ಸರಿಯಾದ ಮೊಬೈಲಿಗೆ ದಾಟಿಸುತ್ತದೆ. ಪೋರ್ಟ್ ಸಂಖ್ಯೆಗಳು 65,536 ಇರುವುದರಿಂದ ಒಂದು ಮನೆಗೆ ಕೊರತೆಯ ಮಾತೇ ಇಲ್ಲ.

ಇಷ್ಟೆಲ್ಲ ಸರ್ಕಸ್ ಯಾಕೆ? ಐಪಿ ವಿಳಾಸಗಳು ಸಾಲುವುದಿಲ್ಲ, ಅದಕ್ಕೆ. ಹಳೆಯ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಕೊರತೆ ಬರುತ್ತದೆಂದು ಮೊದಲೇ ಕಂಡ ನೆಟ್‌ವರ್ಕ್ ತಜ್ಞರಾದ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ 1994ರ ಮೇ ತಿಂಗಳಲ್ಲಿ ನ್ಯಾಟ್ ಉಪಾಯವನ್ನು ಪ್ರಕಟಿಸಿದರು. ಸದ್ಯಕ್ಕೆ ಸಾಕಾಗುವ ಪರಿಹಾರ ಎಂದೇ ಅವರು ಅದನ್ನು ಮುಂದಿಟ್ಟಿದ್ದು. ಮಳೆಗಾಲ ಕಳೆಯಲೆಂದು ಕಟ್ಟಿದ ತಾಳಪತ್ರಿ ಮೂವತ್ತು ವರ್ಷದಿಂದ ಸೂರಾಗಿ ನಿಂತಿದೆ.

ಸರಿ, ಗೋಳಿಗೆ ಬರೋಣ.

ರೂಟರ್ ಎಂಬ ಪುಟ್ಟ ಡಬ್ಬಿಗೆ ನಿದ್ದೆಯಿಲ್ಲ, ಬೇರೆ ಕೆಲಸವೂ ಇಲ್ಲ. ಲ್ಯಾಪ್‌ಟಾಪ್ ಹಾಗಲ್ಲ. ಬ್ಯಾಟರಿ ಉಳಿಸಬೇಕು, ಅಪ್‌ಡೇಟ್ ಬಂದರೆ ಮಧ್ಯರಾತ್ರಿ ತಾನೇ ರೀಸ್ಟಾರ್ಟ್ ಆಗಬೇಕು. ಯಜಮಾನ ತೂಕಡಿಸಿದರೆ ವಠಾರಕ್ಕೆಲ್ಲ ಅಂಚೆ ಬಂದ್. ವಿಂಡೋಸ್ 10ರಲ್ಲಿ ಇದು ಇನ್ನೂ ವಿಚಿತ್ರ: ನಾಲ್ಕು ನಿಮಿಷ ಯಾರೂ ನೆಟ್ ಬಳಸದಿದ್ದರೆ ಹಂಚಿಕೆಯ ಸೇವೆ ಮುಚ್ಚಿಕೊಳ್ಳುತ್ತದೆ, ಮತ್ತೆ ತಾನಾಗಿ ಏಳುವುದಿಲ್ಲ. ಇದನ್ನು ಮೈಕ್ರೋಸಾಫ್ಟೇ ಬರೆದು ಒಪ್ಪಿಕೊಂಡು, ವಿಂಡೋಸಿನ ಸೆಟ್ಟಿಂಗುಗಳ ಒಳಕಡತವಾದ ರಿಜಿಸ್ಟ್ರಿಯಲ್ಲಿ ಮಾಡಬೇಕಾದ ತಿದ್ದುಪಡಿಯನ್ನೂ ಹೇಳಿಕೊಟ್ಟಿದೆ. ನೆಟ್ ಬೇಕೆಂದು ಕೇಳಿದ ಅಮ್ಮನಿಗೆ ರಿಜಿಸ್ಟ್ರಿ ತಿದ್ದಿ ಎನ್ನುವುದು ಯಾವ ನ್ಯಾಯವೋ!

ಇನ್ನೊಂದು ಪೇಚು ವಿಳಾಸದ್ದು. ಮೊದಮೊದಲು ಹಂಚುವ ಕಂಪ್ಯೂಟರು ತನಗೆ 192.168.0.1 ಎಂಬ ಸಂಖ್ಯೆ ಇಟ್ಟುಕೊಳ್ಳುತ್ತಿತ್ತು. ಎಷ್ಟೋ ಮೋಡೆಮ್, ರೂಟರುಗಳದೂ ಅದೇ ಸಂಖ್ಯೆ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರು ಬಿದ್ದಂತಾಗಿ ಕಾಗದಗಳೆಲ್ಲ ದಿಕ್ಕೆಡುತ್ತಿದ್ದವು. ವಿಂಡೋಸ್ 7ರ ಹೊತ್ತಿಗೆ ಸಂಖ್ಯೆ 192.168.137.1 ಆಯಿತು. ಅಷ್ಟು ದೂರದ 137ನ್ನು ಬೇರೆ ಯಂತ್ರಗಳು ಬಳಸುವುದು ಅಪರೂಪವಾದ್ದರಿಂದ ಡಿಕ್ಕಿ ಕಡಿಮೆಯಾಯಿತು.

ವೇಗದ ದೂರು ಬೇರೆ. ವೈಫೈಯಲ್ಲಿ ಬಂದ ನೆಟ್ಟನ್ನು ಅದೇ ಲ್ಯಾಪ್‌ಟಾಪ್ ವೈಫೈಯಲ್ಲೇ ಹಂಚಿದರೆ ಸಾಮಾನ್ಯವಾಗಿ ಎರಡೂ ಕೆಲಸಕ್ಕೆ ಇರುವುದು ಒಂದೇ ರೇಡಿಯೋ. ಕೇಳುವಾಗ ಮಾತಾಡಲಾರದು, ಮಾತಾಡುವಾಗ ಕೇಳಲಾರದು. ಒಂದೇ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಹಾಯಬೇಕಾಗಿ, ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೇಬಲ್ಲಿನಲ್ಲೋ ಡಾಂಗಲ್ಲಿನಲ್ಲೋ ತಂದು ವೈಫೈಯಲ್ಲಿ ಹಂಚಿದರೆ ಈ ನಷ್ಟವಿಲ್ಲ.

ನೆಟ್ಟಿನ ನಲ್ಲಿಯೇ ಸಣ್ಣದಾಗಿದ್ದ ಕಾಲವೂ ಇತ್ತು. ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿ ಬ್ರಾಡ್‌ಬ್ಯಾಂಡ್ ಎನ್ನಲು ಸೆಕೆಂಡಿಗೆ 256 ಕಿಲೋಬಿಟ್ ಸಾಕೆಂದಿತ್ತು. ನಾಲ್ಕು ಎಂಬಿಯ ಒಂದು ಹಾಡಿಗೆ ಎರಡು ನಿಮಿಷ. ಆ ನಲ್ಲಿಗೆ ಇಬ್ಬರು ಕೊಡ ಹಿಡಿದರೆ ಜಗಳವಾಗದೆ ಇದ್ದೀತೇ? ಈಗ ನಲ್ಲಿ ದಪ್ಪಗಿದೆ. ಆದರೂ ಒಬ್ಬರು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡತೊಡಗಿದರೆ ಇನ್ನೊಬ್ಬರ ವಿಡಿಯೋ ಕಾಲ್ ತೊದಲುತ್ತದೆ. 2010ರಲ್ಲಿ ಅಮೆರಿಕದ ಕಂಪ್ಯೂಟರ್ ತಜ್ಞ ಜಿಮ್ ಗೆಟಿಸ್ ತಮ್ಮ ಮನೆಯಿಂದ ದೊಡ್ಡ ಫೈಲು ಕಳಿಸುವಾಗ ಇದರ ಬೆನ್ನು ಹತ್ತಿದರು. ಪ್ಯಾಕೆಟ್ಟುಗಳ ವಿಳಂಬ ಒಂದು ಸೆಕೆಂಡನ್ನೂ ದಾಟಿತ್ತು. ಒಂದು ಪ್ಯಾಕೆಟ್ಟೂ ಕಳೆದುಹೋಗಬಾರದೆಂದು ಮೋಡೆಮ್, ರೂಟರುಗಳಲ್ಲಿ ಇಟ್ಟಿದ್ದ ದೊಡ್ಡ ದೊಡ್ಡ ಕಾಯುವ ಕೋಣೆಗಳು, ಅಂದರೆ ಬಫರ್‌ಗಳೇ ಅಪರಾಧಿಗಳು. ಫೈಲಿನ ತುಂಡುಗಳು ಅಲ್ಲಿ ಉದ್ದನೆಯ ಸಾಲು ಕಟ್ಟುತ್ತವೆ. ಆಗಷ್ಟೇ ಬಂದ ಮಾತಿನ ತುಣುಕು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಗೆಟಿಸ್ ಇದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ನೆಟ್‌ವರ್ಕ್ ತಜ್ಞರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಮದ್ದು ಕಂಡುಹಿಡಿದರು: ಸಾಲು ಎಷ್ಟು ಉದ್ದ ಎಂದು ನೋಡಬೇಡಿ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡಿ, ಕಾಯುವಿಕೆ ಅತಿಯಾದರೆ ಕೆಲವನ್ನು ಬಿಸಾಡಿ. ಒಂದೆರಡು ಬಿದ್ದುಹೋದದ್ದು ತಿಳಿದ ಕೂಡಲೇ ಕಳಿಸುವ ಕಂಪ್ಯೂಟರು ತಾನೇ ವೇಗ ತಗ್ಗಿಸುತ್ತದೆ.

ಈ ಮದ್ದಿಗೂ ಬಗ್ಗದ ಒಂದು ಸಂಗತಿ ಉಳಿದಿದೆ. ಅಣ್ಣನ ಡಾಂಗಲ್ಲಿಗೆ ಮೊಬೈಲ್ ಕಂಪನಿ ಕೊಟ್ಟ ಹಳೆಯ ಪದ್ಧತಿಯ ವಿಳಾಸ ಕೂಡ ಬಹುಪಾಲು ಸ್ವಂತದ್ದಲ್ಲ. ಕಂಪನಿಯೂ ಸಾವಿರಾರು ಗಿರಾಕಿಗಳನ್ನು ತನ್ನದೇ ನ್ಯಾಟ್ ಹಿಂದೆ ಕೂರಿಸಿದೆ; ಇಂಥವರಿಗಾಗಿಯೇ 2012ರಲ್ಲಿ 100.64ರಿಂದ ಆರಂಭವಾಗುವ ವಿಳಾಸಗಳ ಗುಂಪನ್ನು ಮೀಸಲಿಡಲಾಯಿತು. ವಠಾರದೊಳಗೊಂದು ವಠಾರ. ಅಣ್ಣ ಊರಾಚೆಯಿಂದ ಮನೆಯ ಲ್ಯಾಪ್‌ಟಾಪಿನ ಫೈಲೊಂದನ್ನು ನೇರವಾಗಿ ತೆರೆಯಲು ಹೊರಟರೆ ಅವನ ಕಾಗದ ಹೊರಗಿನ ಗೇಟಿನಲ್ಲೇ ನಿಲ್ಲುತ್ತದೆ. ಒಳಗಿನಿಂದ ಯಾರೂ ಮೊದಲು ಕಾಗದ ಬರೆದಿಲ್ಲ, ಪಟ್ಟಿಯಲ್ಲಿ ಗುರುತಿಲ್ಲ. ಅಲ್ಲಿನ ಯಜಮಾನನಿಗೆ ಈ ಮನೆಯ ಪರಿಚಯವೇ ಇಲ್ಲ.