ಎಲೆ ಮೇಲಕ್ಕೆ ಮುದುರಿದೆಯೋ, ಕೆಳಕ್ಕೋ?

ಪುಣೆಗೆ ಬಂದು 11 ವರ್ಷವಾಯಿತು. ಹಿಂಜವಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ತಪ್ಪು ಎಲ್ಲಿದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಅಂಥ ನಾನೇ ಬಾಲ್ಕನಿಯ ಆರು ಮೆಣಸಿನಕಾಯಿ ಗಿಡಗಳ ವಿಷಯದಲ್ಲಿ ಪೂರ್ತಿ ಎಡವಿದೆ.

ನಮ್ಮದು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಪ್ಪ ಒಣಗಿದ ಡಬ್ಬಿ ಮೆಣಸಿನಕಾಯಿಯ ಬೀಜವನ್ನು ಕಾಗದದಲ್ಲಿ ಕಟ್ಟಿಕೊಟ್ಟಿದ್ದರು. 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ನಮ್ಮ ಕಡೆಯವರಿಗೆ ಎಷ್ಟು ಹೆಮ್ಮೆ ಎಂದು ಬೇರೆ ಹೇಳಬೇಕಿಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈತುಂಬ ಸುಕ್ಕು. ಸಸಿ ಎದ್ದವು, ಜುಲೈನಲ್ಲಿ ಕುಂಡ ಸೇರಿದವು, ಮಳೆಗಾಲದಲ್ಲಿ ಸೊಂಪಾಗಿ ಬೆಳೆದವು. ಸೆಪ್ಟೆಂಬರ್ ಕೊನೆಗೆ ಎಲೆಗಳು ಮುದುರತೊಡಗಿದವು.

ನೀರು ಕಡಿಮೆಯಾಗಿರಬೇಕು ಎಂದುಕೊಂಡು ದಿನಕ್ಕೆ ಎರಡು ಸಲ ಹಾಕಿದೆ. ಗೊಬ್ಬರ ಸಾಲದೇನೋ ಎಂದು ಯೂರಿಯಾ ಕೊಟ್ಟೆ. ಎಳೆ ಚಿಗುರು ಬಂತು, ಅದೂ ಮುದುರಿತು. ನಮ್ಮ ಸೊಸೈಟಿಯ ಮಾಲಿ ನೋಡಿ ‘ಚುರ್ಡಾ-ಮುರ್ಡಾ’ ಎಂದ. ಎದೆ ಧಸಕ್ಕೆಂದಿತು. ನಮ್ಮೂರಲ್ಲೂ ಇದಕ್ಕೆ ಮುರ್ಡಾ ಎಂದೇ ಹೆಸರು. ಪುಸ್ತಕದ ಕನ್ನಡದಲ್ಲಿ ಮುಟುರು ರೋಗ. ಹತ್ತಿರದ ಅಂಗಡಿಯಿಂದ ಕೀಟನಾಶಕ ತಂದು ಎಂಟು ದಿನಕ್ಕೊಮ್ಮೆಯಂತೆ ಎರಡು ಬಾರಿ ಸಿಂಪಡಿಸಿದೆ. ಎರಡು ಗಿಡ ಮೊದಲಿಗಿಂತ ಹದಗೆಟ್ಟವು.

ಕೊನೆಗೆ ಊರಿಗೆ ವಿಡಿಯೊ ಕಾಲ್ ಮಾಡಿದೆ. ಅಪ್ಪ ಗಿಡ ನೋಡುವ ಮೊದಲೇ ಕೇಳಿದರು: “ಎಲಿ ಮ್ಯಾಲಕ್ಕ ಮುದುರ್ಯಾವೋ, ಕೆಳಕ್ಕ ಮುದುರ್ಯಾವೋ?”

ನನಗೆ ಗೊತ್ತಿರಲಿಲ್ಲ. ಒಂದು ತಿಂಗಳಿಂದ ದಿನಾ ನೋಡುತ್ತಿದ್ದರೂ ಅದನ್ನು ಗಮನಿಸಿರಲಿಲ್ಲ.

ಅವತ್ತು ಭಾನುವಾರ. ಮಗಳ ಭೂತಗನ್ನಡಿ ಹಿಡಿದು, ಫೋನನ್ನು ಕಟ್ಟೆಗೆ ಒರಗಿಸಿ, ಅಪ್ಪ ಹೇಳಿದಂತೆ ಒಂದೊಂದೇ ಕುಂಡ ನೋಡಿದೆವು. ಮೊದಲೆರಡು ಗಿಡಗಳಲ್ಲಿ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿತ್ತು. ಬೆನ್ನ ಕಡೆ ಬೆಳ್ಳಿ ಬಣ್ಣದ ಕಲೆ. ಕೆಳಗೆ ಬಿಳಿ ಕಾಗದ ಹಿಡಿದು ಕುಡಿಯನ್ನು ತಟ್ಟಿದಾಗ ಸೂಜಿಮೊನೆಯಷ್ಟು ಸಣ್ಣ ಹಳದಿ ಹುಳುಗಳು ಉದುರಿ ಓಡಾಡಿದವು. ಅದು ಥ್ರಿಪ್ಸ್ ನುಸಿ. ಮುಂದಿನ ಎರಡರಲ್ಲಿ ಎಲೆಯ ಅಂಚು ಕೆಳಕ್ಕೆ ಬಾಗಿ ಬೋರಲು ಹಾಕಿದ ದೋಣಿಯಂತಿತ್ತು. ತೊಟ್ಟು ಉದ್ದವಾಗಿ, ಎಲೆ ಕಡುಹಸಿರಾಗಿ, ಮುಟ್ಟಿದರೆ ಗರಿಗರಿ. ಕಾಗದದ ಮೇಲೆ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಅದು ಮೈಟ್ ನುಸಿ.

ಐದನೆಯದರ ಎಲೆಗಳು ಚಿಕ್ಕದಾಗಿ, ಗಂಟುಗಂಟಾಗಿ, ಹಳದಿ ತಿರುಗಿದ್ದವು. ಗಿಡವೇ ಗಿಡ್ಡವಾಗಿತ್ತು. ಅಲುಗಿಸಿದರೆ ಬಿಳಿ ನೊಣ ಹಾರಿದವು. ಅದು ಬಿಳಿ ನೊಣ ಹರಡುವ ನಂಜಾಣು ರೋಗ. ಆರನೆಯ ಗಿಡದ ಎಲೆ ಮಧ್ಯಾಹ್ನ ಮುದುರಿ, ಸಂಜೆಗೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೆ ರೋಗವೇ ಇರಲಿಲ್ಲ. ಪಡುವಣ ಗೋಡೆಗೆ ತಾಗಿದ ಕುಂಡ, ಪುಣೆಯ ಅಕ್ಟೋಬರ್ ಬಿಸಿಲು.

ಆರು ಗಿಡ, ನಾಲ್ಕು ಕಾರಣ. ನಾನು ಎಲ್ಲಕ್ಕೂ ಒಂದೇ ಔಷಧ ಹೊಡೆದಿದ್ದೆ.

“ಎರಡಕ್ಕೂ ನುಸಿ ಅಂತಾರ. ಅಲ್ಲೇ ನಾವು ಕೆಟ್ಟಿದ್ದು” ಎಂದರು ಅಪ್ಪ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನದು, ಜೇಡನ ಬಳಗ. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಗಳು ಮೈಟ್‌ಗೆ ತಾಗುವುದಿಲ್ಲ. ಬದಲಿಗೆ ಅದನ್ನು ತಿನ್ನುವ ಉಪಕಾರಿ ಜೀವಿಗಳು ಸತ್ತು ಮೈಟ್ ಇನ್ನಷ್ಟು ಹೆಚ್ಚುತ್ತದೆ. ನನ್ನ ಎರಡು ಗಿಡ ಹದಗೆಟ್ಟಿದ್ದು ಹಾಗೆ.

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗಿನ ಬೆಳೆಯ ಮಾತು ತೆಗೆದರು. ಮೂರು ಎಕರೆ ಮೆಣಸಿನಕಾಯಿ ಮುದುರಿತ್ತು. ಅಂಗಡಿಗೆ ಹೋಗಿ “ನುಸಿ ಬಿದ್ದೈತಿ” ಎಂದಿದ್ದರು. ಕೊಟ್ಟ ಔಷಧವನ್ನೇ ಏಳು ಸಲ ಹೊಡೆದಿದ್ದರು, ಸಾಲ ಮಾಡಿ. ಎಲೆಗಳು ಕೆಳಕ್ಕೆ ಮುದುರಿದ್ದವು. ಮರುವರ್ಷ ಧಾರವಾಡದ ಕೃಷಿ ಮೇಳದಲ್ಲಿ ಯಾರೋ ಮಸೂರದ ಕೆಳಗೆ ಮೈಟ್ ತೋರಿಸಿದಾಗಲೇ ಅವರಿಗೆ ಗೊತ್ತಾಗಿದ್ದು.

ಆ ವರ್ಷ ಮನೆಯ ಎತ್ತಿನ ಜೋಡಿ ಮಾರಿದ್ದರು. ಇನ್ನು ಮುಂದೆ ಬಾಡಿಗೆ ಟ್ರ್ಯಾಕ್ಟರ್ ಸಾಕು, ಎತ್ತು ಸಾಕುವುದು ದಂಡ ಎಂದು ನನಗೆ ಹೇಳಿದ್ದರು. ನಾನೂ ನಂಬಿದ್ದೆ. ನನ್ನ ಹಾಸ್ಟೆಲ್ ಫೀ ಮಾತ್ರ ಸರಿಯಾದ ದಿನಕ್ಕೆ ಬಂದಿತ್ತು. “ಆಗ ಎಲಿ ತಿರುವಿ ನೋಡಬೇಕಿತ್ತು” ಎಂದಷ್ಟೇ ಅಪ್ಪ ಹೇಳಿದರು. ನಾನು ಏನೂ ಹೇಳಲಾಗದೆ ಕುಂಡದ ಮಣ್ಣು ಕೆದಕುತ್ತ ಕೂತೆ.

ಅಂದೇ ಐದನೆಯ ಗಿಡವನ್ನು ಬೇರು ಸಮೇತ ಕಿತ್ತು, ಚೀಲದಲ್ಲಿ ಕಟ್ಟಿ ಎಸೆದೆ. ನಂಜಾಣು ಹೊಕ್ಕ ಗಿಡಕ್ಕೆ ಔಷಧವಿಲ್ಲ. ಇಟ್ಟುಕೊಂಡರೆ ಪಕ್ಕದ್ದಕ್ಕೂ ಅಂಟುತ್ತದೆ. ಬಿಳಿ ನೊಣಕ್ಕೆ ಹಳದಿ ಅಂಟು ಕಾರ್ಡ್, ಥ್ರಿಪ್ಸ್‌ಗೆ ನೀಲಿ ಕಾರ್ಡ್ ನೇತುಹಾಕಿದೆ. ಥ್ರಿಪ್ಸ್ ಇದ್ದ ಗಿಡಗಳ ಎಲೆಯ ಬೆನ್ನಿಗೆ ರಭಸವಾಗಿ ನೀರು ಹಾಯಿಸಿ, ಸಂಜೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಿಂಪಡಿಸಿದೆ. ಮೈಟ್ ಇದ್ದವಕ್ಕೆ ತೀರಾ ಮುದುರಿದ ಕುಡಿ ಚಿವುಟಿ, ನೀರಿನಲ್ಲಿ ಕರಗುವ ಗಂಧಕ, ಲೀಟರ್‌ಗೆ 3 ಗ್ರಾಂ. ಗಂಧಕವನ್ನು ಸುಡುಬಿಸಿಲಿನಲ್ಲಿ ಹೊಡೆಯಬಾರದು. ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಗಂಧಕ ಕೂಡದು, ಎಲೆ ಸುಡುತ್ತದೆ. ಆರನೆಯ ಕುಂಡವನ್ನು ನೆರಳಿಗೆ ಸರಿಸಿದ್ದಷ್ಟೇ.

ವಾರ ಕಳೆದರೂ ಎಲೆ ನೆಟ್ಟಗಾಗಲಿಲ್ಲ ಎಂದು ಮತ್ತೆ ಫೋನ್ ಮಾಡಿದೆ. “ಮುದುರಿದ್ದು ಬಿಚ್ಚಂಗಿಲ್ಲ. ಹೊಸಾ ಚಿಗುರು ನೋಡು” ಎಂದರು. ಮೂರನೇ ವಾರಕ್ಕೆ ಬಂದ ಚಿಗುರು ಅಗಲವಾಗಿ, ಚಪ್ಪಟೆಯಾಗಿತ್ತು.

ಡಿಸೆಂಬರ್‌ನಲ್ಲಿ ಐದು ಗಿಡಗಳಿಂದ ಕೆಂಪು ಕಾಯಿ ಸಿಕ್ಕಿದ್ದು ಒಂದು ತಟ್ಟೆಯಷ್ಟು. ಬಾಲ್ಕನಿಯಲ್ಲಿ ಒಣಹಾಕಿದಾಗ ಸುಕ್ಕು ಬಂದವು. “ಕಾಯಿ ಸುಕ್ಕಾದರ ರೊಕ್ಕ, ಎಲಿ ಸುಕ್ಕಾದರ ಸಾಲ” ಎಂದು ಫೋಟೊ ನೋಡಿ ಅಪ್ಪ ನಕ್ಕರು.

ನಿಮ್ಮ ಮನೆಯ ಮೆಣಸಿನಕಾಯಿ ಗಿಡ ಮುದುರಿದ್ದರೆ ಅಂಗಡಿಗೆ ಹೋಗುವ ಮುನ್ನ ಎಲೆ ತಿರುಗಿಸಿ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಒಂದು ಬಿಳಿ ಕಾಗದ, ಒಂದು ಭೂತಗನ್ನಡಿ ಸಾಕು.

ಮೊನ್ನೆ ಅಪ್ಪ ಕೇಳಿದರು, “ಬೀಜ ಇಟ್ಟೀಯಿಲ್ಲೋ?” ಇಟ್ಟಿದ್ದೇನೆ. ಕಾಗದದಲ್ಲಿ ಕಟ್ಟಿ, ಮೇಲೆ ತಿಂಗಳು ಬರೆದು. ಈ ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಅರ್ಧ ಅವರಿಗೂ ಒಯ್ಯಬೇಕು.