ಹಣ್ಣಿನ ಕೇಕ್ ಬೇಗ ಹಳಸುವುದಿಲ್ಲ, ಏಕೆ?

ಅಂಟಾರ್ಕ್ಟಿಕಾದ ಕೇಪ್ ಅಡೇರ್ ಎಂಬಲ್ಲಿ ನೂರು ವರ್ಷಕ್ಕೂ ಹಳೆಯದಾದ ಒಂದು ಮರದ ಮನೆಯಿದೆ. 2017ರಲ್ಲಿ ನ್ಯೂಜಿಲೆಂಡಿನ ಅಂಟಾರ್ಕ್ಟಿಕ್ ಹೆರಿಟೇಜ್ ಟ್ರಸ್ಟ್‌ನವರಿಗೆ ಅಲ್ಲಿನ ವಸ್ತುಗಳ ನಡುವೆ ತುಕ್ಕು ಹಿಡಿದ ತಗಡಿನ ಡಬ್ಬವೊಂದು ಸಿಕ್ಕಿತು. ಒಳಗೆ ಕಾಗದ ಸುತ್ತಿದ ಹಣ್ಣಿನ ಕೇಕ್! ಕ್ಯಾಪ್ಟನ್ ಸ್ಕಾಟ್‌ನ ತಂಡ ಅದಕ್ಕೂ ಸುಮಾರು 106 ವರ್ಷಗಳ ಹಿಂದೆ ಒಯ್ದದ್ದು ಎಂದು ನಂಬಲಾದ ಆ ಕೇಕ್, ನೋಡಲು ತಿನ್ನುವಂತೆಯೇ ಇತ್ತಂತೆ.

ಅದರ ಹೆಚ್ಚಿನ ಶ್ರೇಯಸ್ಸು ಅಲ್ಲಿನ ಕೊರೆಯುವ ಚಳಿಗೆ ಸಲ್ಲಬೇಕು, ನಿಜ. ಆದರೆ ನಮ್ಮ ಊರುಗಳ ಬೆಚ್ಚನೆ ಹವೆಯಲ್ಲೂ ಕ್ರಿಸ್‌ಮಸ್‌ಗೆಂದು ಮಾಡಿದ ಒಳ್ಳೆಯ ಹಣ್ಣಿನ ಕೇಕ್ ವಾರಗಟ್ಟಲೆ ಉಳಿಯುತ್ತದೆ. ಹುಟ್ಟುಹಬ್ಬಕ್ಕೆ ತಂದ ಕೆನೆ ಹಚ್ಚಿದ ಕೇಕನ್ನು ಹೊರಗಿಟ್ಟರೆ ಮರುದಿನವೇ ಕೆಡುತ್ತದೆ. ಎರಡೂ ಕೇಕೇ ತಾನೆ? ವ್ಯತ್ಯಾಸ ಎಲ್ಲಿದೆ?

ನೀರಿದೆ, ಆದರೆ ಎಟುಕದು

ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯ ಮತ್ತು ಬೂಸ್ಟುಗಳಿಗೆ ಬದುಕಲು ನೀರು ಬೇಕು. ಹಣ್ಣಿನ ಕೇಕಿನಲ್ಲೂ ನೀರಿದೆ. ಆದರೆ ಸಕ್ಕರೆ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಇಂಥ ಕಡೆ ಬಂದು ಬಿದ್ದ ಸೂಕ್ಷ್ಮಜೀವಿ ನೀರು ಹೀರುವ ಬದಲು ತನ್ನೊಳಗಿನ ನೀರನ್ನೇ ಕಳೆದುಕೊಳ್ಳುತ್ತದೆ. ಇದೇ ಅಭಿಸರಣೆ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ.

ಅಭಿಸರಣೆಯ ವ್ಯಾಖ್ಯೆ ಬರೆದು ಎರಡು ಅಂಕ ಪಡೆಯುವ ವಿದ್ಯಾರ್ಥಿಗಳು ಎಷ್ಟೋ ಮಂದಿ. ಅದನ್ನು ಕಣ್ಣಾರೆ ಕಂಡವರು ಎಷ್ಟು? ಒಂದು ಬಟ್ಟಲು ನೀರಿಗೆ ಹತ್ತು ಒಣದ್ರಾಕ್ಷಿ ಹಾಕಿಡಿ. ಕೆಲವು ಗಂಟೆಗಳಲ್ಲಿ ಅವು ಉಬ್ಬುತ್ತವೆ. ಉಬ್ಬಿದ ದ್ರಾಕ್ಷಿಯನ್ನು ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿದರೆ ಮತ್ತೆ ಸುಕ್ಕುಗಟ್ಟುತ್ತವೆ. ಕೇಕ್ ತಯಾರಿಯ ಮೊದಲ ಹಂತವೂ ಇದೇ. ಒಣಹಣ್ಣನ್ನು ನೆನೆಸದೆ ಹಾಕಿದರೆ ಅದು ಹಿಟ್ಟಿನ ತೇವವನ್ನು ಹೀರಿ ಕೇಕನ್ನು ಒಣಕಲು ಮಾಡುತ್ತದೆ.

ಸಮಪಾಲಿನ ಸೂತ್ರ

ಅಳತೆಯನ್ನು ನೆನಪಿಡುವುದು ಸುಲಭ. ಮೈದಾ, ಬೆಣ್ಣೆ, ಕಂದು ಸಕ್ಕರೆ ತಲಾ 200 ಗ್ರಾಂ. ನಾಲ್ಕು ಮೊಟ್ಟೆ, ಸಿಪ್ಪೆ ತೆಗೆದರೆ ಅವೂ ಸುಮಾರು 200 ಗ್ರಾಂ ತೂಗುತ್ತವೆ. ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ, ಸಕ್ಕರೆಯಲ್ಲಿ ಪಾಕಗೊಂಡ ಕಿತ್ತಳೆ ಸಿಪ್ಪೆ ಎಲ್ಲ ಸೇರಿ 500 ಗ್ರಾಂ. ಗೋಡಂಬಿ 100 ಗ್ರಾಂ. ಒಂದು ಚಮಚ ಬೇಕಿಂಗ್ ಪೌಡರ್. ಪುಡಿ ಮಾಡಿದ ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ ಸ್ವಲ್ಪ ಸ್ವಲ್ಪ.

ಹಣ್ಣುಗಳನ್ನು ಹಿಂದಿನ ರಾತ್ರಿಯೇ ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್‌ನಲ್ಲಿಡಿ. ಹಲವರು ರಮ್ ಅಥವಾ ಬ್ರಾಂದಿಯಲ್ಲಿ ವಾರಗಟ್ಟಲೆ ನೆನೆಸುತ್ತಾರೆ. ಬೇಯಿಸಿದ ಮೇಲೂ ಮದ್ಯಸಾರ ಪೂರ್ತಿ ಹೋಗುವುದಿಲ್ಲ. ಮಕ್ಕಳಿರುವ ಮನೆಗೆ ಕಿತ್ತಳೆ ರಸವೇ ಲೇಸು.

ಪ್ರತಿ ಹಂತಕ್ಕೂ ಕಾರಣ

ಮೆತ್ತಗಾದ ಬೆಣ್ಣೆಗೆ ಸಕ್ಕರೆ ಸೇರಿಸಿ ಬಣ್ಣ ತಿಳಿಯಾಗುವವರೆಗೆ ಚೆನ್ನಾಗಿ ನಾದಿ. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಸೆರೆಹಿಡಿಯುತ್ತವೆ. ಆಮೇಲೆ ಮೊಟ್ಟೆಯನ್ನು ಒಂದೊಂದಾಗಿ ಒಡೆದು ಸೇರಿಸಿ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂದು ನಿಮಗೆ ಗೊತ್ತು. ಹಳದಿ ಲೋಳೆಯಲ್ಲಿರುವ ಲೆಸಿಥಿನ್ ಇವೆರಡನ್ನೂ ಹೊಂದಿಸುತ್ತದೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ತಣ್ಣನೆ ಮೊಟ್ಟೆ ಹಾಕಿದರೆ ಬೆಣ್ಣೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ.

ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್, ಮಸಾಲೆ ಹಾಕಿದ ಮೇಲೆ ಹೆಚ್ಚು ಕಲಸಬೇಡಿ. ಕಲಸಿದಷ್ಟೂ ಮೈದಾದ ಗ್ಲುಟೆನ್ ಬಲಗೊಂಡು ಕೇಕ್ ಗಟ್ಟಿಯಾಗುತ್ತದೆ. ಕೊನೆಗೆ ರಸ ಬಸಿದ ಹಣ್ಣು, ಗೋಡಂಬಿ ಬೆರೆಸಿ.

ಕಪ್ಪು ಬಣ್ಣ ಬೇಕಿದ್ದರೆ ಎರಡು ಮೂರು ಚಮಚ ಸಕ್ಕರೆಯನ್ನು ಕಂದಾಗುವವರೆಗೆ ಕರಗಿಸಿ, ಒಲೆ ಆರಿಸಿ, ಬಿಸಿನೀರನ್ನು ನಿಧಾನವಾಗಿ ಸೇರಿಸಬೇಕು. ಆರಿದ ಮೇಲೆ ಹಿಟ್ಟಿಗೆ ಹಾಕಬೇಕು. ಇದು ಹಿರಿಯರೇ ಮಾಡಬೇಕಾದ ಕೆಲಸ. ಕರಗಿದ ಸಕ್ಕರೆಯ ಉಷ್ಣತೆ 160 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನೀರು ತಾಗಿದೊಡನೆ ಆವಿಯಾಗಿ ಸಿಡಿಯುತ್ತದೆ. ಮಕ್ಕಳೇ, ಬಟ್ಟಲಲ್ಲಿ ಉಳಿದ ಹಸಿ ಹಿಟ್ಟನ್ನು ನೆಕ್ಕಬೇಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ ಇರಬಹುದು.

ನಿಧಾನವೇ ಪ್ರಧಾನ

20 ಸೆಂಟಿಮೀಟರ್ ಅಗಲದ ಕೇಕ್ ಡಬ್ಬದೊಳಗೆ ಎರಡು ಪದರ ಬೆಣ್ಣೆ ಕಾಗದ ಹಾಸಿ ಹಿಟ್ಟು ತುಂಬಿ. ಓವನ್ 150 ಡಿಗ್ರಿಯಲ್ಲಿರಲಿ. ದಟ್ಟವಾದ ಹಿಟ್ಟಿನೊಳಗೆ ಶಾಖ ಬಹಳ ನಿಧಾನವಾಗಿ ಇಳಿಯುತ್ತದೆ. ಅವಸರಪಟ್ಟು ಉರಿ ಹೆಚ್ಚಿಸಿದರೆ ಹೊರಗೆ ಕರಕಲು, ಒಳಗೆ ಹಸಿ. ಎರಡು ಗಂಟೆಯಾದ ಮೇಲೆ ನಡುವೆ ಕಡ್ಡಿ ಚುಚ್ಚಿ ನೋಡಿ. ಹಿಟ್ಟು ಅಂಟದಿದ್ದರೆ ಬೆಂದಿದೆ; ಅಂಟಿದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಮೇಲೆ ಡಬ್ಬವಿಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಪ್ರೆಷರ್ ಕುಕ್ಕರನ್ನು ಇದಕ್ಕೆ ಬಳಸಬೇಡಿ. ನೀರಿಲ್ಲದೆ ಕಾಯಿಸಿದರೆ ಅದರ ರಬ್ಬರ್ ರಿಂಗು, ಸುರಕ್ಷಾ ಕವಾಟ ಹಾಳಾಗುತ್ತವೆ.

ಕಾರಣ ತಿಳಿದರೆ ಕೈ ಬದಲಿಸಬಹುದು

ಕೇಕ್ ಪೂರ್ತಿ ಆರಿದ ಮೇಲಷ್ಟೇ ಡಬ್ಬಕ್ಕೆ ಹಾಕಿ. ಬಿಸಿಯಿದ್ದಾಗ ಮುಚ್ಚಿದರೆ ಆವಿ ಹನಿಗಟ್ಟಿ ಮೇಲ್ಮೈ ಒದ್ದೆಯಾಗುತ್ತದೆ. ಸಕ್ಕರೆಯ ಕಾವಲಿಲ್ಲದ ಆ ನೀರಿನಲ್ಲೇ ಬೂಸ್ಟು ಹುಟ್ಟುವುದು. ಮದ್ಯಸಾರವಿಲ್ಲದ, ಕಿತ್ತಳೆ ರಸದ ಕೇಕನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸುವುದು ಕ್ಷೇಮ.

ಆರೋಗ್ಯದ ದೃಷ್ಟಿಯಿಂದ ಸಕ್ಕರೆ ಕಡಿಮೆ ಮಾಡಬಹುದೇ ಎಂದು ತಂದೆ ತಾಯಿಯರು ಕೇಳಬಹುದು. ಧಾರಾಳವಾಗಿ ಮಾಡಿ. ಆದರೆ ಅದು ಬರೀ ಸಿಹಿಯಲ್ಲ, ಕೇಕಿನ ಕಾವಲುಗಾರನೂ ಹೌದು ಎಂಬುದು ನೆನಪಿರಲಿ. ಎರಡು ಮೂರು ದಿನದಲ್ಲೇ ತಿಂದು ಮುಗಿಸಿ. ಅಳತೆಯನ್ನು ಬಾಯಿಪಾಠ ಮಾಡಿದವರು ಅದನ್ನು ದಾಟಲು ಹೆದರುತ್ತಾರೆ, ಇಲ್ಲವೇ ತೋಚಿದಂತೆ ಬದಲಿಸಿ ಕೆಡಿಸುತ್ತಾರೆ. ಕಾರಣ ತಿಳಿದವರು ಏನು ಬಿಟ್ಟರೆ ಏನಾದೀತೆಂದು ಮೊದಲೇ ಹೇಳಬಲ್ಲರು. ಪಾಠಕ್ಕೂ ಈ ಮಾತು ಸಲ್ಲುತ್ತದೆ.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ತಿಂಡಿಗಳಿಗೆ ಕುಸ್ವಾರ್ ಎನ್ನುತ್ತಾರೆ. ಅದನ್ನು ತಟ್ಟೆಯಲ್ಲಿ ಜೋಡಿಸಿ ಜಾತಿ ಮತ ನೋಡದೆ ನೆರೆಮನೆಗಳಿಗೆ ಹಂಚುವುದು ಅಲ್ಲಿನ ರೂಢಿ. ನಿಮ್ಮ ಕೇಕಿನ ನಾಲ್ಕು ತುಂಡೂ ಪಕ್ಕದ ಮನೆಗೆ ಹೋಗಲಿ. ಜೊತೆಗೆ ಈ ಪ್ರಶ್ನೆಯನ್ನೂ ಕೊಟ್ಟು ಬನ್ನಿ: ‘ಇದು ಬೇಗ ಹಳಸುವುದಿಲ್ಲ, ಏಕೆ ಹೇಳಿ?’